8 ಎಂಎಂ ಬೋಲ್ಟಿಗೆ 8 ಎಂಎಂ ತೂತು ಯಾಕಾಗದು? ಇಂಜಿನಿಯರ್ ಆಗಲು ಕೈಗೂ ಪಾಠ ಬೇಕು

ಉಪ್ಪಳದ ಹತ್ತಿರ ನನ್ನದೊಂದು ಸಣ್ಣ ಹಾರ್ಡ್‌ವೇರ್ ಅಂಗಡಿ. ನಾನು ಓದಿದ್ದು ಬಿಕಾಂ. ಮೊನ್ನೆ ಮೆಕ್ಯಾನಿಕಲ್ ಕೊನೆಯ ವರ್ಷದ ಹುಡುಗನೊಬ್ಬ ಬಂದು, "ಕಾಕ, ಎಂ8 ಟ್ಯಾಪ್ ಕೊಡಿ, 8 ಎಂಎಂ ಡ್ರಿಲ್ ಬಿಟ್ಟೂ ಕೊಡಿ" ಅಂದ. ಪ್ರಾಜೆಕ್ಟಿಗಂತೆ.

"ಮೋನೇ, 8ರ ತೂತು ಹೊಡೆದ ಮೇಲೆ ಟ್ಯಾಪ್‌ಗೆ ಕೊರೆಯಲು ಏನು ಉಳಿಯಿತು?" ಎಂದು ಕೇಳಿದೆ. ಹುಡುಗ ಸುಮ್ಮನಾದ.

ಲೆಕ್ಕ ಸುಲಭ. ಎಂ8 ಅಂದರೆ ಬೋಲ್ಟಿನ ಹೊರ ಅಳತೆ 8 ಮಿಲಿಮೀಟರ್. ಸಾಮಾನ್ಯ ಥ್ರೆಡ್‌ನ ಪಿಚ್, ಅಂದರೆ ಒಂದು ಎಳೆಯಿಂದ ಮುಂದಿನ ಎಳೆಗೆ ಇರುವ ಅಂತರ, 1.25. ಎಂಟರಿಂದ ಅದನ್ನು ಕಳೆದರೆ 6.75. ಹಾಗಾಗಿ 6.8ರ ಬಿಟ್ಟು ಬೇಕು. ತೂತು ದೊಡ್ಡದಾದರೆ ಥ್ರೆಡ್ ಹಿಡಿಯುವುದಿಲ್ಲ, ಸಣ್ಣದಾದರೆ ಟ್ಯಾಪ್ ತುಂಡಾಗುತ್ತದೆ.

ಆದರೆ ಲೆಕ್ಕ ಗೊತ್ತಿದ್ದರೆ ಸಾಲದು. ಟ್ಯಾಪನ್ನು ನೇರ ನಿಲ್ಲಿಸಬೇಕು, ಎಣ್ಣೆ ಬಿಡಬೇಕು, ಸ್ವಲ್ಪ ಮುಂದೆ ತಿರುಗಿಸಿ ಸ್ವಲ್ಪ ಹಿಂದೆ ತರಬೇಕು. ಆಗ ಒಳಗಿನ ಕಬ್ಬಿಣದ ಚೂರು ತುಂಡಾಗುತ್ತದೆ. ಎಲ್ಲಿ ಬಿಗಿಯಾಯಿತು, ಎಲ್ಲಿ ನಿಲ್ಲಿಸಬೇಕು ಎಂಬುದು ಕೈಗೆ ಮಾತ್ರ ಗೊತ್ತಾಗುವ ವಿಷಯ.

ಹುಡುಗನದ್ದು ತಪ್ಪಲ್ಲ. ಅವನ ವರ್ಕ್‌ಶಾಪಿನಲ್ಲಿ ಒಂದು ಮೆಷಿನ್ ಸುತ್ತ ಹದಿನೈದು ಜನ. ಒಬ್ಬ ಮಾಡಿದ್ದನ್ನು ಉಳಿದವರು ನೋಡಿ ರೆಕಾರ್ಡ್ ಬರೆದರು, ಮಾರ್ಕೂ ಬಂತು.

ನಮ್ಮಲ್ಲಿ ಇನ್ನೊಂದು ಕಾಯಿಲೆ ಉಂಟು. ಮಗ ಐಟಿಐ ಅಂದರೆ ಮನೆಯವರ ಮುಖ ಬಾಡುತ್ತದೆ. ಸಾಲ ಮಾಡಿಯಾದರೂ ಬಿಟೆಕ್‌ಗೇ ಸೇರಿಸಬೇಕು. ಆದರೆ ಎರಡು ವರ್ಷದ ಫಿಟ್ಟರ್ ಕೋರ್ಸಿನಲ್ಲಿ ಅರ ಹಿಡಿದು ಕಬ್ಬಿಣ ಉಜ್ಜುವುದರಿಂದಲೇ ಪಾಠ ಶುರು. ಡಿಪ್ಲೊಮಾ ಆದವರು ಲ್ಯಾಟರಲ್ ಎಂಟ್ರಿಯಲ್ಲಿ ನೇರ ಬಿಟೆಕ್ ಎರಡನೇ ವರ್ಷಕ್ಕೆ ಸೇರಬಹುದು. ನಮ್ಮ ಜಿಲ್ಲೆಯ ಪೆರಿಯದಲ್ಲೇ ಸರಕಾರಿ ಪಾಲಿಟೆಕ್ನಿಕ್ ಇದೆ. ಐಟಿಐ, ಡಿಪ್ಲೊಮಾ, ಡಿಗ್ರಿ ಮುಗಿಸಿದವರಿಗೆ 1961ರ ಅಪ್ರೆಂಟಿಸ್ ಕಾಯ್ದೆಯಡಿ ಕಂಪೆನಿಗಳಲ್ಲಿ ಸ್ಟೈಪೆಂಡ್ ಸಮೇತ ತರಬೇತಿಗೂ ಅವಕಾಶ ಉಂಟು.

ಈಗಾಗಲೇ ಬಿಟೆಕ್ ಸೇರಿದವರು ಬೇಸರ ಪಡಬೇಡಿ. ರಜೆಯಲ್ಲಿ ಒಂದು ತಿಂಗಳು ಊರಿನ ಲೇತ್ ಶಾಪಿನಲ್ಲೋ ಗ್ಯಾರೇಜಿನಲ್ಲೋ ನಿಲ್ಲಿ. ವರ್ನಿಯರ್ ಕ್ಯಾಲಿಪರ್ ಒಂದು ಸ್ವಂತಕ್ಕೆ ತೆಗೆದುಕೊಳ್ಳಿ, ಕಂಡದ್ದನ್ನೆಲ್ಲ ಅಳೆಯಿರಿ. ಗಲ್ಫಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ, ಕೆಲಸಕ್ಕೆ ನಿಂತ ಮೇಲೆ ಸರ್ಟಿಫಿಕೇಟಿನ ಜೊತೆ ಕೈಯನ್ನೂ ನೋಡುತ್ತಾರೆ.

ಆ ಹುಡುಗ ವಾರ ಬಿಟ್ಟು ಮತ್ತೆ ಬಂದ. ಮೊದಲ ಟ್ಯಾಪ್ ತುಂಡಾಗಿತ್ತು. "ಎಣ್ಣೆ ಬಿಡಲು ಮರೆತೆ ಕಾಕ" ಅಂದ. ಎರಡನೆಯದನ್ನು ಅರ್ಧ ಬೆಲೆಗೆ ಕೊಟ್ಟೆ. ಎಣ್ಣೆಯ ಪಾಠ ಅವನು ಇನ್ನು ಮರೆಯಲಿಕ್ಕಿಲ್ಲ.