ಸೂರ್ಯ ಮುಳುಗದ ಊರಲ್ಲಿ ಮಗ್‌ರಿಬ್ ಯಾವಾಗ?

ನಾರ್ವೆಯ ಟ್ರೊಮ್ಸೊ ಎಂಬ ಊರಲ್ಲಿ ಮೇ ಮೂರನೇ ವಾರದಿಂದ ಜುಲೈ ಮೂರನೇ ವಾರದವರೆಗೆ ಸೂರ್ಯ ಮುಳುಗುವುದೇ ಇಲ್ಲ. ರಾತ್ರಿ 12 ಗಂಟೆಗೂ ಬೆಟ್ಟದ ಮೇಲೆ ಬಿಸಿಲು. ಜನ ಕಿಟಕಿಗೆ ದಪ್ಪ ಪರದೆ ಎಳೆದು ಮಲಗುತ್ತಾರೆ. ಇದನ್ನು ನೋಡಲೆಂದೇ ದೇಶ ವಿದೇಶದಿಂದ ಪ್ರವಾಸಿಗರು ಬರುತ್ತಾರೆ. ಅಲ್ಲಿಗೆ ಹೋಗುವ ಮುಸ್ಲಿಮನಿಗೆ ಮೊದಲು ಏಳುವ ಪ್ರಶ್ನೆ: ಹಾಗಾದರೆ ಮಗ್‌ರಿಬ್ ಯಾವಾಗ?

ಭೂಮಿ ವಾಲಿಕೊಂಡು ಸೂರ್ಯನನ್ನು ಸುತ್ತುವುದರಿಂದ ಬೇಸಿಗೆಯಲ್ಲಿ ಉತ್ತರದ ತುದಿ ಸದಾ ಸೂರ್ಯನ ಕಡೆಗೇ ಇರುತ್ತದೆ. ಚಳಿಗಾಲದಲ್ಲಿ ಇದೆಲ್ಲ ತಿರುಗುಮುರುಗು. ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ಮೇಲೇರುವುದೇ ಇಲ್ಲ. ಆಗ ಆಕಾಶದಲ್ಲಿ ಹಸಿರು ಬೆಳಕಿನ ಅಲೆಗಳು ಆಡುತ್ತವೆ. ಅದೇ ಧ್ರುವಪ್ರಭೆ. ಮೋಡವಿಲ್ಲದಿದ್ದರೆ ಸೆಪ್ಟೆಂಬರಿನಿಂದ ಮಾರ್ಚ್‌ವರೆಗೂ ನೋಡಬಹುದು.

ಇನ್ನು ನಮಾಝಿನ ವಿಷಯ. ಹಗಲು ರಾತ್ರಿ ಬೇರೆಯಾಗದ ಊರಿನಲ್ಲಿ, ಅವು ಬೇರೆಯಾಗುವ ಹತ್ತಿರದ ಊರಿನ ಸಮಯವನ್ನು ಲೆಕ್ಕ ಹಾಕಿ ನಮಾಝ್ ಮಾಡಬೇಕು ಅಂತ ಶಾಫಿಈ ವಿದ್ವಾಂಸರು ಹೇಳಿದ್ದಾರೆ. ಮಕ್ಕಾದ ಸಮಯ ಹಿಡಿಯಬಹುದು ಎನ್ನುವವರೂ ಇದ್ದಾರೆ. ಪ್ರಯಾಣಿಕನಿಗೆ ಜಂಅ್ ಮತ್ತು ಕಸ್ರ್‌ನ ರಿಯಾಯಿತಿಯೂ ಉಂಟು. ವಿಮಾನ ಹತ್ತುವ ಮೊದಲೇ ನಿಮ್ಮ ಉಸ್ತಾದರಲ್ಲಿ ಕೇಳಿ ತಿಳಿದುಕೊಳ್ಳಿ.

ದೇಶದ ಪಶ್ಚಿಮಕ್ಕೆ ಬಂದರೆ ಫ್ಯೋರ್ಡ್‌ಗಳು. ಹಿಮಯುಗಗಳಲ್ಲಿ ಹಿಮನದಿಗಳು ಬೆಟ್ಟಗಳನ್ನು ಆಳವಾಗಿ ಕೊರೆದವು, ಆ ಕಣಿವೆಗಳಿಗೆ ಸಮುದ್ರ ನುಗ್ಗಿತು. ಸೊಗ್ನೆಫ್ಯೋರ್ಡ್ 200 ಕಿಲೋಮೀಟರಿಗೂ ಉದ್ದ, ಕೆಲವೆಡೆ 1,300 ಮೀಟರ್ ಆಳ. ಗೈರಾಂಗರ್ ಫ್ಯೋರ್ಡ್ 2005ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ದೋಣಿಯಲ್ಲಿ ಹೋದರೆ 'ಏಳು ಸಹೋದರಿಯರು' ಎಂಬ ಜಲಪಾತ ಬಂಡೆಯಿಂದ ಸಾಲಾಗಿ ಬೀಳುವುದು ಕಾಣುತ್ತದೆ. ಹಿಮ ಕರಗುವ ಮೇ, ಜೂನ್‌ನಲ್ಲಿ ಅದರಲ್ಲಿ ನೀರು ಜಾಸ್ತಿ.

ಆದರೆ ಈ ಚೆಲುವಿನೊಳಗೆ ಅಪಾಯವೂ ಇದೆ. ಗೈರಾಂಗರಿಗೆ ಹತ್ತಿರದ ಟಾಫ್ಯೋರ್ಡ್‌ನಲ್ಲಿ 1934ರ ಏಪ್ರಿಲ್‌ನಲ್ಲಿ ಬೆಟ್ಟದ ಒಂದು ಭಾಗವೇ ನೀರಿಗೆ ಕುಸಿಯಿತು. ಎದ್ದ ಅಲೆ ರಾತ್ರಿ ಮಲಗಿದ್ದ 40 ಜನರನ್ನು ಕೊಂದಿತು. ಈಗ ಅದೇ ಸೀಮೆಯ ಆಕರ್ನೆಸೆಟ್ ಎಂಬ ಬೆಟ್ಟದಲ್ಲಿ ಬಿರುಕು ಅಗಲವಾಗುತ್ತಾ ಇದೆ. ಅದು ಎಷ್ಟು ಸರಿಯಿತು ಅಂತ ಯಂತ್ರಗಳು ಹಗಲು ರಾತ್ರಿ ಅಳೆಯುತ್ತವೆ. ಸೈರನ್ ಕೂಗಿದರೆ ಊರವರೂ ಪ್ರವಾಸಿಗರೂ ಎತ್ತರಕ್ಕೆ ಓಡಬೇಕು.

ಪ್ರೈಕೆಸ್ಟೋಲೆನ್ ಬಂಡೆಯದ್ದೂ ಹಾಗೆಯೇ. ಮೊಬೈಲಿನಲ್ಲಿ ಅದರ ಫೋಟೋ ನೋಡದವರು ಕಡಿಮೆ. ಕೆಳಗಿನ ನೀರಿನಿಂದ 604 ಮೀಟರ್ ಎತ್ತರ, ಅಂಚಿಗೆ ಬೇಲಿ ಇಲ್ಲ. ಹೋಗಿ ಬರಲು ಸುಮಾರು 8 ಕಿಲೋಮೀಟರ್ ನಡೆಯಬೇಕು. ಗಾಳಿ ಮಳೆಯ ದಿನ ಸೆಲ್ಫಿ ಆಸೆಗೆ ಅಂಚಿಗೆ ಹೋಗುವವರಿಗೆ ಏನು ಹೇಳೋಣ?

ಕರಾವಳಿಯ ನಮಗೆ ಹೆಚ್ಚು ಹಿಡಿಸುವುದು ಲೊಫೋಟೆನ್ ದ್ವೀಪಗಳು. ಸಮುದ್ರದಿಂದ ನೇರ ಎದ್ದ ಬೆಟ್ಟಗಳು, ಕೆಂಪು ಮರದ ಮೀನುಗಾರರ ಮನೆಗಳು. ಅಲ್ಲಿ ಕಾಡ್ ಮೀನನ್ನು ಉಪ್ಪು ಹಾಕದೆ, ಮರದ ಚೌಕಟ್ಟಿಗೆ ನೇತುಹಾಕಿ ಚಳಿಗಾಳಿಯಲ್ಲೇ ಒಣಗಿಸುತ್ತಾರೆ. ಒಣಮೀನು ತಿಂದು ಬೆಳೆದ ನಮಗೆ ಅದು ಅಪರಿಚಿತ ಅನ್ನಿಸದು.

ಸಾಗುವಳಿ ಇಲ್ಲದ ಕಾಡು ಬೆಟ್ಟಗಳಲ್ಲಿ ಯಾರು ಬೇಕಾದರೂ ನಡೆಯಬಹುದು, ಡೇರೆ ಹಾಕಬಹುದು. 1957ರ ಕಾನೂನೇ ಈ ಹಕ್ಕು ಕೊಟ್ಟಿದೆ. ಆದರೆ ಡೇರೆ ಮನೆಗಳಿಂದ 150 ಮೀಟರ್ ದೂರ ಇರಬೇಕು, ಕಸ ಬಿಡಬಾರದು. ಏಪ್ರಿಲ್ 15ರಿಂದ ಸೆಪ್ಟೆಂಬರ್ 15ರವರೆಗೆ ಕಾಡಿನ ಬಳಿ ಬೆಂಕಿ ಹಚ್ಚುವಂತಿಲ್ಲ.

ಅಲ್ಲಾಹನ ಸೃಷ್ಟಿಯನ್ನು ನೋಡಲು ಹೊರಡುವವರು ಹಣ, ವೀಸಾ ಹೊಂದಿಸಿಕೊಂಡರೆ ಸಾಲದು. ನಮಾಝಿನ ಸಮಯ ತಿಳಿದಿರಬೇಕು, ಬೆಟ್ಟದ ಬುಡದಲ್ಲಿ ಹಾಕಿದ ಎಚ್ಚರಿಕೆಯ ಬೋರ್ಡನ್ನೂ ಓದಬೇಕು. ಮನೆಯಲ್ಲಿ ಕಾಯುವವರು ಇದ್ದಾರಲ್ಲ.