ಓಟದ ಬಿಲ್ಲೆ: ಒಮ್ಮೆ ಕಟ್ಟಿ ಬಿಸಾಡುವುದೇಕೆ?

ಓಟದ ಪಂದ್ಯದಲ್ಲಿ ಮೊದಲು ಬಂದವನಿಗೆ ಹಾರವು ಬೀಳುವುದು ಸಹಜವೇ ಸರಿ. ಆದರೆ ನೂರನೆಯವನಾಗಿ ಬಂದವನು ಎಷ್ಟು ಹೊತ್ತಿನಲ್ಲಿ ಓಡಿದನೆಂಬುದನ್ನು ಹೇಳತಕ್ಕವರು ಯಾರು? ಕಳೆದ ವರುಷಕ್ಕಿಂತ ಎರಡು ನಿಮಿಷ ಬೇಗನೆ ಗುರಿ ಮುಟ್ಟಿದ ಬಡ ವಿದ್ಯಾರ್ಥಿಯು ತನ್ನ ಏಳಿಗೆಯನ್ನು ತಾನೇ ಅರಿಯದೆ ಮನೆಗೆ ಮರಳಬೇಕಾದರೆ, ಆ ಪಂದ್ಯವು ಅವನಿಗೆ ಕೊಟ್ಟುದಾದರೂ ಏನು? ರೋಣ, ನರಗುಂದ, ಗಜೇಂದ್ರಗಡಗಳಂತಹ ತಾಲೂಕು ಸ್ಥಳಗಳಲ್ಲಿ ರಸ್ತೆಯ ಓಟಗಳನ್ನು ಏರ್ಪಡಿಸಬಯಸುವ ಮಹನೀಯರು ಮೊಟ್ಟಮೊದಲು ವಿಚಾರಿಸಬೇಕಾದ ಪ್ರಶ್ನೆಯು ಇದೇ ಎಂದು ನಾವು ತಿಳಿಯುತ್ತೇವೆ.

ಕೈಗಡಿಯಾರವು ಮೊದಲ ಹತ್ತು ಮಂದಿಗೆ ಸಾಕು. ಮುನ್ನೂರು ಜನರು ಒಮ್ಮೆಲೇ ನುಗ್ಗಿ ಬರುವಾಗ ಗಡಿಯಾರ ಹಿಡಿದವನ ಕಣ್ಣೂ ಬರೆದುಕೊಳ್ಳುವವನ ಲೇಖಣಿಯೂ ಸೋಲುತ್ತವೆ. ಅಲ್ಲದೆ ಗುಂಪಿನ ಹಿಂದೆ ನಿಂತವನು ಆರಂಭದ ಗೆರೆಯನ್ನು ದಾಟುವಷ್ಟರಲ್ಲಿಯೇ ಅರ್ಧ ನಿಮಿಷವು ಕಳೆದಿರುತ್ತದೆ. ಆ ಅರ್ಧ ನಿಮಿಷವು ಅವನ ಕಾಲಿನ ದೋಷವಲ್ಲ. ಈ ತೊಡಕನ್ನು ಬಿಡಿಸುವುದಕ್ಕಾಗಿಯೇ ಆರ್‌ಎಫ್‌ಐಡಿ ಎಂಬ ಬಿಲ್ಲೆಯು ಓಟದ ಬಯಲಿಗೆ ಬಂದಿತು.

ಈ ಬಿಲ್ಲೆಯು ನಮ್ಮ ವಾಚಕರಿಗೆ ಅಪರಿಚಿತವಾದುದೇನೂ ಅಲ್ಲ. 2021ರ ಫೆಬ್ರುವರಿಯಿಂದ ರಾಷ್ಟ್ರೀಯ ಹೆದ್ದಾರಿಗಳ ಸುಂಕದ ಕಟ್ಟೆಗಳಲ್ಲಿ ಕಡ್ಡಾಯವಾದ ಫಾಸ್ಟ್ಯಾಗ್ ಚೀಟಿಯೂ ಇದೇ ಕುಲದ್ದು. ಅದರೊಳಗೆ ಬ್ಯಾಟರಿಯಿಲ್ಲ. ಸಾಸಿವೆಕಾಳಿಗಿಂತಲೂ ಸಣ್ಣದಾದ ಒಂದು ಚಿಪ್, ಅದಕ್ಕೆ ಅಂಟಿದ ಅಲ್ಯೂಮಿನಿಯಮ್ಮಿನ ತೆಳು ಆಂಟೆನಾ, ಇಷ್ಟೇ ಅದರ ಶರೀರ. ಓದುವ ಯಂತ್ರವು ಕಳುಹಿಸಿದ ರೇಡಿಯೋ ಅಲೆಯಿಂದಲೇ ಶಕ್ತಿಯನ್ನು ಪಡೆದು ಅದು ತನ್ನ ಸಂಖ್ಯೆಯನ್ನು ಮರುನುಡಿಯುತ್ತದೆ. ನಮ್ಮ ದೇಶದಲ್ಲಿ ಈ ಕೆಲಸಕ್ಕೆ 865ರಿಂದ 868 ಮೆಗಾಹರ್ಟ್ಸ್ ಅಲೆಗಳು ಮೀಸಲಾಗಿವೆ. ಅಂತಹ ಅಲೆಯೊಂದರ ಉದ್ದವು ಸುಮಾರು 35 ಸೆಂಟಿಮೀಟರು. ಅದರ ಅರ್ಧದಷ್ಟು ಉದ್ದದ ಆಂಟೆನಾವನ್ನು ಅಂಕುಡೊಂಕಾಗಿ ಮಡಿಚಿ ಗೇಣಿಗಿಂತ ಕಿರಿದಾದ ಚೀಟಿಯಲ್ಲಿ ಅಡಗಿಸಿರುತ್ತಾರೆ. ಓಟಗಾರನು ಆರಂಭದ ಗೆರೆಯನ್ನೂ ಅಂತ್ಯದ ಗೆರೆಯನ್ನೂ ದಾಟುವಾಗ ಯಂತ್ರವು ಎರಡು ಹೊತ್ತುಗಳನ್ನು ಬರೆದುಕೊಳ್ಳುತ್ತದೆ. ಅವುಗಳ ಅಂತರವೇ ಅವನು ನಿಜವಾಗಿ ಓಡಿದ ಕಾಲ.

ಈಗ ವಿಚಿತ್ರವಾದ ಒಂದು ಸಂಗತಿಯನ್ನು ಗಮನಿಸಬೇಕು. ಅಮೇರಿಕೆಯ ಬೋಸ್ಟನ್ ಮ್ಯಾರಥಾನಿನ ನೂರನೆಯ ಓಟವು 1996ರಲ್ಲಿ ನಡೆದಾಗ ಓಟಗಾರರು ಚಾಂಪಿಯನ್‌ಚಿಪ್ ಎಂಬ ಬಿಲ್ಲೆಯನ್ನು ಬೂಟಿನ ಲಾಡಿಗೆ ಕಟ್ಟಿಕೊಂಡಿದ್ದರು. ಅದು ಹಾಲೆಂಡ್ ದೇಶದಲ್ಲಿ ಹುಟ್ಟಿದ ಉಪಕರಣ; ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಗಾಜಿನ ಕೊಳವೆಯನ್ನಿಟ್ಟು ಮಾಡಿದುದು. ಓಟವು ಮುಗಿದೊಡನೆ ಅಂತಹ ಬಿಲ್ಲೆಗಳನ್ನು ಮರಳಿ ಪಡೆದು ಮತ್ತೊಂದು ಓಟಕ್ಕೆ ಕೊಡುವುದೇ ಅಂದಿನ ಪದ್ಧತಿಯಾಗಿತ್ತು. ಮುಂದೆ ಕಾಗದದಂತಹ ಅಗ್ಗದ ಬಿಲ್ಲೆಗಳು ಬಂದವು. ಎದೆಯ ಮೇಲಿನ ಸಂಖ್ಯಾಪತ್ರದ ಬೆನ್ನಿಗೆ ಅಂಟಿಸಿ, ಒಮ್ಮೆ ಓಡಿ, ಬಿಸಾಡುವುದೇ ರೂಢಿಯಾಯಿತು. ಮರಳಿ ಕೂಡಿಸುವ ಶ್ರಮವು ತಪ್ಪಿತೆಂದು ಎಲ್ಲರೂ ಸಂತೋಷಪಟ್ಟರು. ಆದರೆ ಬಿಸಾಡಿದ ಆ ಚಿಪ್ ಸತ್ತಿರಲಿಲ್ಲ. ಇಂತಹ ಚಿಪ್‌ಗಳ ಸ್ಮೃತಿಯಲ್ಲಿ ಲಕ್ಷ ಸಲ ಬರೆದು ಅಳಿಸಬಹುದೆಂದು ಅವುಗಳ ತಯಾರಕರೇ ಹೇಳುತ್ತಾರೆ!

ಈ ದುಂದಿನ ಬೆಲೆಯು ಅಭಾವದ ಕಾಲದಲ್ಲಿ ತಿಳಿದುಬಂದಿತು. ಕೋವಿಡ್ ಮಹಾಮಾರಿಯ ಬೆನ್ನಲ್ಲಿಯೇ ಜಗತ್ತಿನಲ್ಲೆಲ್ಲ ಚಿಪ್‌ಗಳ ಕೊರತೆಯುಂಟಾಯಿತು. 2021ರ ಫೆಬ್ರುವರಿಯಲ್ಲಿ ಟೆಕ್ಸಾಸಿನ ಹಿಮಗಾಳಿಯಿಂದ ಅಲ್ಲಿಯ ಕಾರಖಾನೆಗಳು ನಿಂತವು. ಮಾರ್ಚಿಯಲ್ಲಿ ಜಪಾನಿನ ರೆನೆಸಾಸ್ ಕಾರಖಾನೆಗೆ ಬೆಂಕಿ ಬಿದ್ದಿತು. ಅದೇ ವರುಷ ತೈವಾನಿನಲ್ಲಿ ಬರಗಾಲವು ತಲೆದೋರಿತು. ಮೋಟಾರು ತಯಾರಕರೇ ಕೈಕಟ್ಟಿ ಕುಳಿತಿದ್ದಾಗ ಓಟದ ಬಿಲ್ಲೆಯನ್ನು ಕೇಳುವವರಾರು? ಆರ್‌ಎಫ್‌ಐಡಿ ಚಿಪ್‌ಗಳ ತಯಾರಕರು ಬೇಡಿಕೆಯನ್ನು ಪೂರೈಸಲಾರದೆ ಹೋದರು. ಆ ಕೊರತೆಯು ಕಳೆದುಹೋಯಿತು, ನಿಜ. ಆದರೆ ಪೇಟೆಯ ಸಾಲಿನಲ್ಲಿ ಸಣ್ಣ ಊರಿಗೆ ಯಾವಾಗಲೂ ಕೊನೆಯ ಸ್ಥಾನವೇ ಎಂಬ ಪಾಠವು ಉಳಿದಿದೆ. ಮುಂದಿನ ಅಭಾವಕ್ಕೆ ಮುಂಚೆಯೇ ನಾವು ಎಚ್ಚತ್ತುಕೊಳ್ಳಬೇಡವೇ?

ಬಾಳಿಕೆಯ ಬಿಲ್ಲೆಯನ್ನು ಮಾಡುವುದು ದೊಡ್ಡ ವಿದ್ಯೆಯಲ್ಲ. ಒಮ್ಮೆ ಬಳಸುವ ಚೀಟಿಯು ಕೆಡುವುದು ಮುಖ್ಯವಾಗಿ ಎರಡು ಕಾರಣಗಳಿಂದ: ಮಡಿಚಿದರೆ ಚಿಪ್ಪಿಗೂ ಆಂಟೆನಾಕ್ಕೂ ಇರುವ ಬೆಸುಗೆಯು ಬಿಡುತ್ತದೆ, ಬೆವರು ಸೇರಿದರೆ ಅಲ್ಯೂಮಿನಿಯಮ್ಮು ತಿನ್ನಲ್ಪಡುತ್ತದೆ. ಆದುದರಿಂದ ಚೀಟಿಯನ್ನು ಬಾಗದ ಪ್ಲಾಸ್ಟಿಕ್ ಹಲಗೆಗೆ ಚಪ್ಪಟೆಯಾಗಿ ಅಂಟಿಸಿ, ಮೇಲೆ ಇನ್ನೊಂದು ಹಾಳೆಯನ್ನು ಹೊದಿಸಿ, ಅಂಚುಗಳನ್ನು ನೀರು ನುಗ್ಗದಂತೆ ಮುಚ್ಚಬೇಕು. ಮೈಗೆ ತಾಗುವ ಬದಿಯಲ್ಲಿ ಕೆಲವು ಮಿಲಿಮೀಟರು ದಪ್ಪದ ಫೋಮನ್ನು ಕೂಡಿಸುವುದು ಅತ್ಯವಶ್ಯ. ಏಕೆಂದರೆ ನೀರಿನಿಂದ ತುಂಬಿದ ನಮ್ಮ ದೇಹವು ಈ ಅಲೆಗಳನ್ನು ನುಂಗಿಬಿಡುತ್ತದೆ. ಲೋಹದ ಗುಂಡಿ, ಮೊಳೆಗಳು ಹತ್ತಿರ ಸುಳಿಯಕೂಡದು. ಕಣಕಾಲಿಗೆ ಕಟ್ಟುವ ಪಟ್ಟಿಯನ್ನಂತೂ ನೇಕಾರರ ಊರಾದ ಗಜೇಂದ್ರಗಡದವರು ಪರಸ್ಥಳದಿಂದ ತರಿಸಬೇಕಾಗಿಲ್ಲ. ನೂಲಿನ ಪಟ್ಟಿಯನ್ನು ಬಿಚ್ಚಿ ಒಗೆಯಬಹುದು, ಬಿಲ್ಲೆಯನ್ನು ಒದ್ದೆಬಟ್ಟೆಯಿಂದ ಒರೆಸಿದರೆ ಸಾಕು.

ಇಷ್ಟಕ್ಕೇ ಕೆಲಸವು ಮುಗಿಯಿತೆಂದು ಭ್ರಮಿಸಬಾರದು. ಪ್ಲಾಸ್ಟಿಕ್ಕನ್ನು ಹೊದಿಸಿದೊಡನೆ ಆಂಟೆನಾದ ಶ್ರುತಿಯು ತುಸು ಬದಲಾಗುತ್ತದೆ. ಆದಕಾರಣ ಮೊದಲು ಹತ್ತು ಬಿಲ್ಲೆಗಳನ್ನು ಮಾಡಿ, ಮನುಷ್ಯನ ಕಾಲಿಗೆ ಕಟ್ಟಿ ಓಡಿಸಿ ನೋಡಿದ ಮೇಲೆಯೇ ನೂರನ್ನು ಮಾಡತಕ್ಕದ್ದು. ಪ್ರತಿಯೊಂದು ಓಟದ ಮುಂಚೆ ಪ್ರತಿಯೊಂದು ಬಿಲ್ಲೆಯನ್ನೂ ಯಂತ್ರದ ಮುಂದೆ ಹಿಡಿದು, ಮಾತನಾಡದವುಗಳನ್ನು ತೆಗೆದುಹಾಕಬೇಕು. ಬಿಲ್ಲೆಯ ಭಾರವು ಓಟಗಾರನಿಗೆ ಹೊರೆಯಾಗಬಾರದೆಂದೂ, ತನ್ನ ಕಾಲವನ್ನು ದಾಖಲಿಸಲು ಅವನು ಓಡುತ್ತ ಏನನ್ನೂ ಮಾಡಬೇಕಾಗಿ ಬರಬಾರದೆಂದೂ ವರ್ಲ್ಡ್ ಅಥ್ಲೆಟಿಕ್ಸ್ ಸಂಸ್ಥೆಯ ನಿಯಮಗಳು ವಿಧಿಸುತ್ತವೆ. ಬಹುಮಾನದ ಸ್ಥಾನಗಳನ್ನು ಕೇವಲ ಬಿಲ್ಲೆಯ ಮಾತಿನಿಂದ ನಿರ್ಣಯಿಸಲಾಗದು. ಗೆರೆಯನ್ನು ದಾಟಬೇಕಾದುದು ಎದೆಯೇ ಹೊರತು ಕಾಲಲ್ಲ. ಅಲ್ಲಿ ಪಂಚರ ಕಣ್ಣೂ ಒಂದು ಕ್ಯಾಮರಾವೂ ಇರಲೇಬೇಕು.

ಇನ್ನು ಬಿಲ್ಲೆಯನ್ನು ಮರಳಿ ಪಡೆಯುವ ಮಾತು. ನಮ್ಮ ಅಭಿಪ್ರಾಯದಲ್ಲಿ ಇಡೀ ಯೋಜನೆಯ ಜೀವವು ಇಲ್ಲಿಯೇ ಇದೆ. ಹಲಗೆ, ಫೋಮು, ಅಂಟುಗಳನ್ನು ದುಡ್ಡು ಕೊಟ್ಟು ತರಬಹುದು. ಕೊಂಡದ್ದನ್ನು ಮರಳಿ ಕೊಡುವ ಶೀಲವನ್ನು ತರಲಾಗದು. ಗುರಿಯ ಆಚೆಗೆ ಒಂದು ಪೆಟ್ಟಿಗೆಯನ್ನಿಟ್ಟು, ಬಿಲ್ಲೆಯನ್ನು ಒಪ್ಪಿಸಿದ ಬಳಿಕವೇ ಪ್ರಶಸ್ತಿಪತ್ರವನ್ನು ಕೊಡುವ ಕ್ರಮವಿದ್ದರೆ ಸಾಕು. ಬಡ ಮಕ್ಕಳಿಂದ ಠೇವಣಿಯನ್ನು ಕೇಳುವ ಅಗತ್ಯವಿಲ್ಲ. ಬಿಲ್ಲೆಯಲ್ಲಿ ಸಂಖ್ಯೆಯೊಂದೇ ಇರಲಿ. ಓಟಗಾರರ ಹೆಸರುಗಳು ದಫ್ತರದ ಪಟ್ಟಿಯಲ್ಲಿ ಉಳಿಯಲಿ. ಕೈಯಿಂದ ಕೈಗೆ ಹೋಗುವ ವಸ್ತುವಿನಲ್ಲಿ ಮಕ್ಕಳ ಹೆಸರನ್ನು ಬರೆದಿಡುವುದು ವಿವೇಕವಲ್ಲ.

ಓದುವ ಯಂತ್ರವು ಮಾತ್ರ ಬೆಲೆಯುಳ್ಳದ್ದು. ಒಂದೊಂದು ತಾಲೂಕೂ ಒಂದೊಂದನ್ನು ಕೊಳ್ಳುವುದು ವ್ಯರ್ಥ. ಮೂರು ತಾಲೂಕುಗಳೂ ಕೂಡಿ ಒಂದನ್ನು ಕೊಂಡು, ಓಟದ ದಿನಗಳನ್ನು ಬೇರೆಬೇರೆಯಾಗಿ ಗೊತ್ತುಮಾಡಿಕೊಂಡರೆ, ಒಂದೇ ಯಂತ್ರವೂ ಒಂದೇ ಕಟ್ಟು ಬಿಲ್ಲೆಗಳೂ ಮೂರು ಊರುಗಳಿಗೆ ಒದಗುವವು. ಇದು ನಮ್ಮ ನೆಲಕ್ಕೆ ಹೊಸ ಪಾಠವೇ? ಇದೇ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘವನ್ನು ಕಟ್ಟಿ ನಾಡಿಗೆ ದಾರಿ ತೋರಿದರು. ಒಬ್ಬರಿಂದಾಗದ್ದು ಹತ್ತು ಮಂದಿಯಿಂದಾಗುವುದೆಂಬ ತತ್ತ್ವವು ಸಾಲಕ್ಕೆ ಹೇಗೋ ಓಟದ ಗಡಿಯಾರಕ್ಕೂ ಹಾಗೆಯೇ.

ಚಿಪ್ ಪರದೇಶದ್ದಾಗಿರಲು ಹೊದಿಕೆಯನ್ನು ಇಲ್ಲಿ ಹೊಲಿದ ಮಾತ್ರಕ್ಕೆ ಏನು ಸ್ವಾವಲಂಬನವೆಂದು ಕೆಲವರು ಕೇಳಬಹುದು. ಚಿಪ್‌ಗಳ ತಯಾರಿಕೆಯನ್ನು ದೇಶದಲ್ಲಿ ನೆಲೆಗೊಳಿಸಲು ಕೇಂದ್ರ ಸರಕಾರವು 2021ರ ಡಿಸೆಂಬರಿನಲ್ಲಿ 76,000 ಕೋಟಿ ರೂಪಾಯಿಗಳ ಯೋಜನೆಯನ್ನು ಮಂಜೂರು ಮಾಡಿತು. ಅದು ಸರಕಾರದ ಪಾಲಿನ ಕೆಲಸ. ಆದರೆ ಐವತ್ತು ಓಟಗಳಿಗೆ ಐವತ್ತು ಬಿಲ್ಲೆಗಳನ್ನು ತರಿಸುವವನಿಗಿಂತ ಒಂದೇ ಬಿಲ್ಲೆಯನ್ನು ಐವತ್ತು ಸಲ ಓಡಿಸುವವನು ಪರಾವಲಂಬನವನ್ನು ಐವತ್ತರಲ್ಲಿ ಒಂದು ಪಾಲಿಗೆ ಇಳಿಸಿದನಲ್ಲವೇ? ಇದು ನಮ್ಮ ಪಾಲಿನ ಕೆಲಸ. ಇದಕ್ಕೆ ಯಾರ ಮಂಜೂರಾತಿಯೂ ಬೇಕಾಗಿಲ್ಲ.

ಈ ಮೂರು ತಾಲೂಕುಗಳ ಶಾಲಾ ಶಿಕ್ಷಕರೂ, ವ್ಯಾಯಾಮ ಬೋಧಕರೂ, ಪುರಸಭೆಗಳ ಸದಸ್ಯರೂ, ಕ್ರೀಡೆಯ ಹೊಣೆ ಹೊತ್ತ ಅಧಿಕಾರಿಗಳೂ ಒಂದು ದಿನ ಕೂಡಿ ಕುಳಿತು ಹತ್ತು ಬಿಲ್ಲೆಗಳಿಂದ ಆರಂಭಿಸಲಿ. ಎರೆಯ ಹೊಲಗಳ ನಡುವಿನ ರಸ್ತೆಯಲ್ಲಿ ಎಲ್ಲರಿಗಿಂತ ಕೊನೆಗೆ ಓಡಿಬರುವ ಹುಡುಗಿಗೂ ಅವಳ ನಿಮಿಷಗಳನ್ನೂ ಸೆಕೆಂದುಗಳನ್ನೂ ತಪ್ಪದೆ ಎಣಿಸಿ ಕೊಡುವುದು ಅವರೆಲ್ಲರ ಕರ್ತವ್ಯವಾಗಿದೆ.