ನಿಮಗಿದು ಗೊತ್ತೆ? ಮಂಗಳೂರಿನ ಗೋಡೆಗೆ ಇಟಲಿಯ ಕುಂಚ

ಮಂಗಳೂರಿನ ಬಾವುಟಗುಡ್ಡೆ ಬಳಿಯ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ಹೊರಗಿನಿಂದ ನೋಡಿದರೆ ಸರಳ ಕಟ್ಟಡ. ಕಾಲೇಜು ಶುರುವಾದದ್ದು 1880ರಲ್ಲಿ, ಚಾಪೆಲ್ ಎದ್ದದ್ದು ಅದೇ ದಶಕದಲ್ಲಿ. ಒಳಗೆ ಹೋದರೆ ಮಾತ್ರ ಕತ್ತು ತಾನಾಗಿ ಮೇಲಕ್ಕೇಳುತ್ತದೆ: ಗೋಡೆ, ಕಮಾನು, ಚಾವಣಿಯ ತುಂಬ ಚಿತ್ರಗಳು.

ಇವು ಇಟಲಿಯ ಬೆರ್ಗಮೊ ಬಳಿ ಹುಟ್ಟಿದ ಜೆಸ್ವಿಟ್ ಬ್ರದರ್ ಆಂತೋನಿಯೊ ಮೊಸ್ಕೆನಿ ಅವರ ಕೈಚಳಕ. 1899ರಲ್ಲಿ ಮಂಗಳೂರಿನಲ್ಲಿ ಕೆಲಸ ಹಿಡಿದ ಅವರು 1901ರ ವೇಳೆಗೆ ಮುಗಿಸಿದರು. ಕೊಚ್ಚಿಯ ಸಾಂತಾ ಕ್ರೂಜ್ ಬೆಸಿಲಿಕಾಕ್ಕೂ ಬಣ್ಣ ತುಂಬಿದ ಅವರು ಅಲ್ಲೇ 1905ರಲ್ಲಿ ತೀರಿಕೊಂಡರು.

ಗೋಡೆಯ ಚಿತ್ರಗಳು ಫ್ರೆಸ್ಕೊ. ಸುಣ್ಣದ ಗಾರೆ ಹಸಿಯಾಗಿರುವಾಗಲೇ ಬಣ್ಣ ಬಳಿಯಬೇಕು. ಗಾರೆ ಗಾಳಿಯೊಂದಿಗೆ ಬೆರೆತು ಗಟ್ಟಿಯಾಗುವಾಗ ಬಣ್ಣವನ್ನೂ ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಆ ದಿನ ಮುಗಿಸುವಷ್ಟು ಜಾಗಕ್ಕೆ ಮಾತ್ರ ಗಾರೆ ಮೆತ್ತುವುದು ರೂಢಿ. ತಪ್ಪಾದರೆ ಗಾರೆ ಕೆತ್ತಿ ತೆಗೆದು ಮತ್ತೆ ಶುರು! ಚಾವಣಿಯದು ಬೇರೆ ವಿಧಾನ: ಕ್ಯಾನ್ವಾಸ್ ಮೇಲೆ ತೈಲವರ್ಣ.

ನಡುಚಾವಣಿಯಲ್ಲಿರುವುದು ಸಂತ ಅಲೋಶಿಯಸ್ ಗೊನ್ಜಾಗನ ಬದುಕು. ಹಿರಿಯ ಮಗನಾಗಿ ತನಗೆ ಬರಬೇಕಿದ್ದ ಜಹಗೀರನ್ನು ತಮ್ಮನಿಗೆ ಬಿಟ್ಟುಕೊಟ್ಟು ಸನ್ಯಾಸಿಯಾದ ಈತ, ರೋಮ್‌ನಲ್ಲಿ ಪ್ಲೇಗ್ ರೋಗಿಗಳ ಶುಶ್ರೂಷೆ ಮಾಡುತ್ತಲೇ 1591ರಲ್ಲಿ, 23ನೇ ವಯಸ್ಸಿಗೆ ಸತ್ತ. ವಿದ್ಯಾರ್ಥಿಗಳಿಗೆ ಆದರ್ಶವಾಗಿ ಇಂಥ ಹುಡುಗನನ್ನು ಆರಿಸಿದ್ದು ಸರಿಯಾಗಿಯೇ ಇದೆ.

ಕರಾವಳಿಯ ಮಳೆ, ತೇವ ಚಿತ್ರಗಳನ್ನು ಸುಮ್ಮನೆ ಬಿಡಲಿಲ್ಲ. 1990ರ ದಶಕದಲ್ಲಿ ಪರಂಪರೆ ಸಂರಕ್ಷಣಾ ಸಂಸ್ಥೆ ಇಂಟ್ಯಾಕ್‌ನ ತಜ್ಞರು ಅವನ್ನು ಶುಚಿಗೊಳಿಸಿ ದುರಸ್ತಿ ಮಾಡಿದರು.